ಆಲಿಕೆಯೊಳಗೆ ಕೂತ ದೊಣ್ಣೆಮೆಣಸಿನಕಾಯಿ

"ಇದೇನ್ರೀ, ಬೆನ್ನು ತಿರುಗಿಸಿ ಕೂತ ಪೈಲ್ವಾನನೇ?" ಎಂದು ಕೇಳದವರನ್ನು ನಾನು ಕಾಣೆ. ಅಲ್ಲ ಸ್ವಾಮಿ, ದೊಣ್ಣೆಮೆಣಸಿನಕಾಯಿ! 1930ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ ಎಡ್ವರ್ಡ್ ವೆಸ್ಟನ್ ತೆಗೆದ ಕಪ್ಪು-ಬಿಳುಪು ಫೋಟೋ. ಹೆಸರು 'ಪೆಪ್ಪರ್ ನಂ. 30'. ನಂಬರು ನೋಡಿದಿರಲ್ಲ? ಇದಕ್ಕೂ ಮೊದಲು ಮೆಣಸಿನಕಾಯಿಗಳಿಂದ ಅಷ್ಟೊಂದು ಪೋಸು ಕೊಡಿಸಿದ್ದಾಗಿತ್ತು. ನಮ್ಮ ಮದುವೆಮನೆಯ ಫೋಟೋಗ್ರಾಫರ್ ಮದುಮಗನಿಗೂ ಅಷ್ಟು ಹೊತ್ತು ಕೊಡುವುದಿಲ್ಲ.

ಕಾಯಿಯೋ ಸೊಟ್ಟಂಬಟ್ಟ. ಸಂತೆಯಲ್ಲಾದರೆ ನಾವು ಪಕ್ಕಕ್ಕೆ ತಳ್ಳಿ ಮುಂದಿನದಕ್ಕೆ ಕೈ ಹಾಕುವಂಥದ್ದು. ವೆಸ್ಟನ್‌ಗೆ ಆ ಸೊಟ್ಟೇ ಬೇಕಿತ್ತು. ಹಿಂದೆ ಬಟ್ಟೆ ಕಟ್ಟಿ ನೋಡಿದ, ರಟ್ಟು ಇಟ್ಟು ನೋಡಿದ, ಮನಸ್ಸು ಒಪ್ಪಲಿಲ್ಲ. ಕೊನೆಗೆ ತಗಡಿನ ಆಲಿಕೆಯೊಂದನ್ನು ಅಡ್ಡ ಮಲಗಿಸಿ, ಅದರ ಬಾಯೊಳಗೆ ಕಾಯಿಯನ್ನು ಕೂರಿಸಿದ. ಗುಟ್ಟಿರುವುದೇ ಅಲ್ಲಿ. ತಗಡಿನ ಬಾಗಿಗೆ ಬಡಿದ ಬೆಳಕು ಸುತ್ತಿ ಬಂದು ಮಡಿಕೆ ಮಡಿಕೆಗೂ ಇಳಿಯಿತು. ಉಬ್ಬು ಮಿರುಗಿತು, ತಗ್ಗು ಕಪ್ಪಾದರೂ ಮಸಿಯಾಗಲಿಲ್ಲ. ಲೆನ್ಸಿನ ಕಿಂಡಿ ತೀರಾ ಕಿರಿದಾದ್ದರಿಂದ ನಿಮಿಷಗಟ್ಟಲೆ ಬೆಳಕು ಕುಡಿಸಬೇಕಿತ್ತು. ಅಲುಗದೆ ಕೂರುವುದರಲ್ಲಿ ತರಕಾರಿಯನ್ನು ಮೀರಿಸುವವರುಂಟೇ? ಕಾಯಿ ಹಸಿರೋ ಕೆಂಪೋ, ಫೋಟೋ ಬಾಯಿ ಬಿಡುವುದಿಲ್ಲ. ಬಣ್ಣ ಕಿತ್ತುಕೊಂಡ ಮೇಲೆ ಚೌಕಾಸಿಗೆ ಏನೂ ಉಳಿಯದೆ, ಸುಮ್ಮನೆ ನೋಡಬೇಕಾಗುತ್ತದೆ. ನೆಗೆಟಿವೇ 8×10 ಇಂಚು; ಹಿಗ್ಗಿಸುವ ಗೋಜಿಲ್ಲದೆ ಕಾಗದಕ್ಕೊತ್ತಿ ಅಷ್ಟೇ ಗಾತ್ರದ ಪ್ರಿಂಟ್ ತೆಗೆಯುತ್ತಿದ್ದ.

ಈ ಆಸಾಮಿಗೆ ಇಂಥ ಚಾಳಿ ಹೊಸದೇನಲ್ಲ. 1925ರಲ್ಲಿ ಮೆಕ್ಸಿಕೋದಲ್ಲಿದ್ದಾಗ ಕಕ್ಕಸಿನ ಕಮೋಡನ್ನೇ ದೇವರ ಪಟ ತೆಗೆದಷ್ಟು ಶ್ರದ್ಧೆಯಿಂದ ತೆಗೆದಿದ್ದ. 1927ರಲ್ಲಿ ಅವನು ತೆಗೆದ ಕಡಲಚಿಪ್ಪಿನ ಫೋಟೋಗಳು ಮೆಕ್ಸಿಕೋ ತಲುಪಿದಾಗ ಚಿತ್ರಕಾರ ದಿಯೇಗೋ ರಿವೇರಾ, "ವೆಸ್ಟನ್‌ಗೆ ಮೈಯಲ್ಲಿ ಹುಷಾರಿಲ್ಲವೇ?" ಎಂಬಂತೆ ವಿಚಾರಿಸಿದನಂತೆ.

ಜನರಿಗೆ ಚಿಪ್ಪಿನಲ್ಲೂ ಮೆಣಸಿನಕಾಯಲ್ಲೂ ಕಂಡದ್ದು ತೊಡೆ, ತೋಳು, ತಬ್ಬುಗೆ. ವೆಸ್ಟನ್‌ಗೆ ರೇಗಿತು. ನನ್ನ ಮನಸ್ಸಿನಲ್ಲಿ ಅಂಥದ್ದೇನೂ ಇಲ್ಲ, ಇದ್ದರೆ ನೋಡುವವರ ತಲೆಯಲ್ಲಿದೆ ಎಂಬುದು ಅವನ ವಾದ. ನನಗಂತೂ ಇದು ಅರ್ಧಂಬರ್ಧ ಒಪ್ಪಿಗೆ. ಇಷ್ಟು ಹುರಿಗಟ್ಟಿದ ಕಾಯಿಯನ್ನೇ ಹುಡುಕಿ, ಅದಕ್ಕೆ ಬೆಳಕಿನ ಎಣ್ಣೆ ಸವರಿ, ಆಮೇಲೆ ನಮ್ಮ ಕಣ್ಣಿನ ಮೇಲೆ ಗೂಬೆ ಕೂರಿಸುವುದೆಂದರೆ!

ಆದರೂ ಅವನ ಪರವಾಗಿ ಬಲವಾದ ಸಾಕ್ಷಿಯೊಂದಿದೆ. ಕೆಲಸ ಮುಗಿದ ಮೇಲೆ ಆ ಮಾಡೆಲ್‌ಗಳನ್ನು ತಿಂದುಬಿಡುತ್ತಿದ್ದ; ದಿನಚರಿಯಲ್ಲಿ ತಾನೇ ಬರೆದಿಟ್ಟಿದ್ದಾನೆ. ತೊಡೆ-ತೋಳು ಕಂಡವನಿಗೆ ಅಷ್ಟು ನಿರಾಳವಾಗಿ ಚಾಕು ಹಿಡಿಯಲು ಸಾಧ್ಯವೇ, ನೀವೇ ಹೇಳಿ.