ತಾವರೆ ಮನೆತನ

ನಮ್ಮ ತಾತ ಸಂಸ್ಕೃತದ ಮೇಷ್ಟ್ರು. ಹೆಣ್ಣು ಹುಟ್ಟಿದಾಗಲೆಲ್ಲ ಅಮರಕೋಶ ತೆಗೆಯುತ್ತಿದ್ದರೇ ಹೊರತು ಮುಂದಿನ ಹೂವಿಗೆ ಹೋಗುತ್ತಿರಲಿಲ್ಲ. ಪಂಕಜ, ಸರೋಜ, ಅಂಬುಜ, ವನಜ, ಜಲಜ: ಐದು ಹೆಣ್ಣುಮಕ್ಕಳು, ಐವರೂ ತಾವರೆಯೇ. ‘ಜ’ ಎಂದರೆ ಹುಟ್ಟಿದ್ದು. ನೀರಿನ ಯಾವ ಹೆಸರಿಗಾದರೂ ಬಾಲದಲ್ಲಿ ಒಂದು ‘ಜ’ ಅಂಟಿಸಿದರೆ ಮಗುವಿಗೆ ಹೆಸರು ರೆಡಿ. (‘ದ’ ಅಂಟಿಸಿದರೆ ಮೋಡ, ‘ಧಿ’ ಅಂಟಿಸಿದರೆ ಸಮುದ್ರ. ಗಂಡಾಗಿದ್ದರೆ ಜಲಧಿ ಅಂತಿಡುತ್ತಿದ್ದರೋ ಏನೋ. ಸದ್ಯ, ಆಗಲಿಲ್ಲ.)

ಪಂಕಜ ದೊಡ್ಡಮ್ಮನಿಗೆ ಮಾತ್ರ ನೀರೂ ಸಿಗಲಿಲ್ಲ. ಪಂಕ ಎಂದರೆ ಕೆಸರು. “ತಂಗಿಯರಿಗೆಲ್ಲ ನೀರು, ಹಿರೀಮಗಳಿಗೆ ಕೆಸರು” ಎಂದು ತೊಂಬತ್ತರ ಹತ್ತಿರ ಬಂದರೂ ಗೊಣಗುತ್ತಾರೆ. ಸಾಲದ್ದಕ್ಕೆ ಉತ್ತರದ ಕಡೆ ಪಂಕಜ್ ಗಂಡಸರ ಹೆಸರು. ಕಾಶಿಗೆ ಹೊರಟಾಗ ಏಜೆಂಟ್ ಮಾಡಿಸಿಕೊಟ್ಟ ಟಿಕೆಟ್ಟಿನಲ್ಲಿ ದೊಡ್ಡಮ್ಮ ಪುರುಷ. ಹದಿನೆಂಟು ಮೊಳದ ಸೀರೆ, ಮೂಗುಬೊಟ್ಟು ನೋಡಿದ ಟೀಸಿ ಏನೂ ಕೇಳದೆ ಮುಂದಕ್ಕೆ ಹೋದನಂತೆ. ವನಜ ಚಿಕ್ಕಮ್ಮ, ತಾನೊಬ್ಬಳಾದರೂ ಕಾಡಿನಲ್ಲಿ ಹುಟ್ಟಿದವಳು ಎಂದು ಬೀಗುತ್ತಿದ್ದಳು. ವನ ಅಂದರೆ ನೀರು ಅಂತಲೂ ಅರ್ಥವಿದೆ ಎಂದು ತಾತ ಅವಳನ್ನೂ ಕೆರೆಗೆ ತಳ್ಳಿದರು.

ಆ ಕಾಲವೇ ಹಾಗಿತ್ತು. ಶಾಲೆಯಲ್ಲಿ ಹಾಜರಿ ಕರೆದರೆ ಮೂವರು ಸರೋಜ ಒಟ್ಟಿಗೆ ಏಳೋರು. ಪದ್ಮ, ಕಮಲ ಬೇರೆ. 1955ರ ‘ಮಹಾಕವಿ ಕಾಳಿದಾಸ’ದಲ್ಲಿ ಬಿ. ಸರೋಜಾದೇವಿ ತೆರೆಗೆ ಬಂದಮೇಲಂತೂ ನಮ್ಮ ಸರೋಜ ದೊಡ್ಡಮ್ಮ ಕನ್ನಡಿ ಮುಂದಿನಿಂದ ಏಳಲೇ ಇಲ್ಲವಂತೆ. ತಾವರೆ ಕರ್ನಾಟಕದ ರಾಜ್ಯಪುಷ್ಪವೂ ಹೌದು. ಆದರೂ ಮಗಳನ್ನು ಅಚ್ಚಗನ್ನಡದಲ್ಲಿ ‘ತಾವರೇ’ ಅಂತ ಕೂಗಿದವರನ್ನು ನಾನಂತೂ ಕಂಡಿಲ್ಲ.

ಮೊನ್ನೆ ತಂಗಿಯ ಮಗಳಿಗೆ ಹೆಣ್ಣುಮಗುವಾಯಿತು. “ಈ ‘ಜ’ಗಳ ಸಹವಾಸವೇ ಬೇಡ, ನಮ್ಮ ವಂಶದಲ್ಲೇ ಇಲ್ಲದ ಮಾಡರ್ನ್ ಹೆಸರಿಡ್ತೀನಿ” ಎಂದವಳು ಮೊಬೈಲ್ ಉಜ್ಜೀ ಉಜ್ಜೀ ನಾಮಕರಣದ ಹಿಂದಿನ ರಾತ್ರಿ ‘ಮೃಣಾಲ್’ ಆರಿಸಿದಳು. ತಟ್ಟೆಯ ಅಕ್ಕಿಯ ಮೇಲೆ ಉಂಗುರದಲ್ಲಿ ಬರೆದೂ ಆಯಿತು. ಪಂಕಜ ದೊಡ್ಡಮ್ಮ ಕನ್ನಡಕ ಏರಿಸಿ, ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು.

“ಮೃಣಾಲ ಅಂದ್ರೆ ತಾವರೆ ದಂಟು ಕಣೇ! ಹೂವೆಲ್ಲ ನಾವೇ ಮುಗಿಸಿದ್ವಿ ಅಂತ ದಂಟಿಗೆ ಬಂದ್ರಾ?”

ಬರೆದದ್ದನ್ನು ಅಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಜನನ ಪ್ರಮಾಣಪತ್ರದಲ್ಲಿ ಮೃಣಾಲ್ ಎಂದೇ ಇದೆ. ಮನೆಯಲ್ಲಿ ಮಾತ್ರ ಎಲ್ಲರಿಗೂ ಅವಳು ದಂಟು.