ಫೈರ್‌ವಾಲ್ ಮೇಷ್ಟ್ರು

ಫೈಲು ಹೋಗುತ್ತಿಲ್ಲ ಎಂದು ಕರೆದರೆ, ಬಂದವನೇ ಫೈರ್‌ವಾಲ್ ಆಫ್ ಮಾಡಿ ದುಡ್ಡು ಇಸಿದುಕೊಂಡು ಹೋಗುವ ಸಿಸ್ಟಂ ರಿಪೇರಿಯವರು ಎಲ್ಲ ಊರಲ್ಲೂ ಸಿಗುತ್ತಾರೆ. ನಮ್ಮ ರಾವಂದೂರಿನ ಪಾಲಿಗೆ ಬಂದವನು ಬೇರೆ ತಳಿ. ಅವನು ಆಫ್ ಮಾಡುವುದಿಲ್ಲ, ಪಾಠ ಮಾಡುತ್ತಾನೆ. ಇನ್ನೂ ಮೀಸೆ ಸರಿಯಾಗಿ ಬಲಿತಿಲ್ಲ, ಆದರೂ ಊರವರು ಕರೆಯುವುದು ಫೈರ್‌ವಾಲ್ ಮೇಷ್ಟ್ರು ಅಂತಲೇ.

ಬೈಟು ಟೀಯಲ್ಲೂ ಅರ್ಧ ಉಳಿಸುತ್ತಾನೆ. ಕೀಬೋರ್ಡ್ ಮಗುಚಿ ಕೊಡವಿ, ಉದುರಿದ ಚಕ್ಕುಲಿ ಚೂರು ನೋಡಿ ಆಮೇಲೆ ನನ್ನ ಮುಖ ನೋಡುತ್ತಾನೆ. ಇದೆಲ್ಲ ಸಹಿಸಬಹುದು.

ಸಹಿಸಲಾಗದ್ದು ಮದುವೆ ಸೀಸನ್ನಿನಲ್ಲಿ. ನನ್ನದು ಫೋಟೋ ಸ್ಟುಡಿಯೋ. ಆಲ್ಬಂ ಪುಟಗಳು ಎಫ್‌ಟಿಪಿಯಲ್ಲಿ ಮೈಸೂರಿನ ಲ್ಯಾಬಿಗೆ ಹೋಗಬೇಕು. ಅವತ್ತು ಪಾಸ್‌ವರ್ಡ್ ತಗೊಂಡಿತು, ಲಾಗಿನ್ ಆಯಿತು, ಫೋಲ್ಡರ್ ಪಟ್ಟಿ ಮಾತ್ರ ಬರಲೊಲ್ಲದು. ಹೆಣ್ಣಿನ ತಂದೆ ಹೊಗೆಸೊಪ್ಪಿನ ಬೇಲು ಮಾರಿದ ದುಡ್ಡು ಹಿಡಿದು ಬೆಂಚಿನ ಮೇಲೆ ಕೂತಿದ್ದಾರೆ. ಮೇಷ್ಟ್ರು ಶುರುಮಾಡಿದ.

"ಈ ಎಫ್‌ಟಿಪಿನ 1971ರಲ್ಲಿ ಬರ್ದಿದ್ದು ಅಭಯ್ ಭೂಷಣ್, ಐಐಟಿ ಕಾನ್ಪುರದಲ್ಲಿ ಓದಿದೋರು ಕಣಣ್ಣ. ಆಗ ಫೈರ್‌ವಾಲ್ ಎಲ್ಲಿತ್ತು? ಮಾತುಕತೆ ಮುಂಬಾಗ್ಲಲ್ಲಿ, 21ನೇ ಪೋರ್ಟು. ಸಾಮಾನು ಹಿತ್ಲು ಬಾಗ್ಲಲ್ಲಿ. ಆ್ಯಕ್ಟಿವ್ ಮೋಡಾದ್ರೆ ಲ್ಯಾಬಿನೋರು ನಮ್ಮ ಹಿತ್ಲಿಗೆ ಬರ್ತಾರೆ, ನಮ್ಮ ಫೈರ್‌ವಾಲ್ ಕಳ್ಳ ಅಂತ ತಡಿಯುತ್ತೆ. ಪ್ಯಾಸಿವ್ ಆದ್ರೆ ನಾವೇ ಅವ್ರ ಹಿತ್ಲಿಗೆ ಹೋಗ್ಬೇಕು."

"ಹೋಗಪ್ಪಾ ಮತ್ತೆ," ಎಂದರು ಹೆಣ್ಣಿನ ತಂದೆ.

ಹೋದ. ಲಾಗ್‌ನಲ್ಲಿ 227ರ ಮುಂದೆ ಆರು ಅಂಕಿ ಬಂತು: 192,168,1,10,195,80. ಮೇಜಿನ ಮೇಲಿದ್ದ ಲಗ್ನಪತ್ರಿಕೆ ತಿರುವಿ ಲೆಕ್ಕ ಹಾಕಿದ. ಕೊನೆಯ ಎರಡು ಪೋರ್ಟಂತೆ. 195 ಇಂಟು 256, ಕೂಡು 80, ಒಟ್ಟು 50000. ಮೊದಲ ನಾಲ್ಕು ವಿಳಾಸ. "192.168 ಅಂದ್ರೆ ಅವ್ರ ಮನೆಯೊಳಗಿನ ವಿಳಾಸ. ಹೊರಗಿನೋರು ಹೆಂಗೆ ಹುಡುಕ್ಕೊಂಡು ಹೋಗದು?" ಏನೊಂದೂ ತಿಳಿಯದೆ ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಆಡಿಸಿದೆ.

"ಆ ಹಾಳು ಫೈರ್‌ವಾಲ್ ತೆಗೆದುಬಿಡಬಾರದೇನೋ?" ಎಂದು ಗದರಿದೆ.

"ಈ ಸಿಸ್ಟಮಲ್ಲಿ ನಮ್ಮೂರ ಹೆಣ್ಮಕ್ಕಳ ಫೋಟೋ ಎಷ್ಟಿದಾವೆ ಅಣ್ಣ?"

ಹೆಣ್ಣಿನ ತಂದೆ ತಲೆಯೆತ್ತಿ ಅವನನ್ನು ನೋಡಿದರು. ಆಮೇಲೆ ಅವರು ಅವಸರ ಮಾಡಲಿಲ್ಲ.

ಲ್ಯಾಬಿಗೆ ಫೋನು ಮಾಡಿ, ಅವರ ಸರ್ವರಿನಲ್ಲಿ ಹೊರಗಿನ ಐಪಿ ಹಾಕಿಸಿ, ರೂಟರಿನಲ್ಲಿ 50000ದಿಂದ 50100ರವರೆಗಿನ ಪೋರ್ಟು ತೆರೆಸಿದ. ಪಟ್ಟಿ ಬಂತು. ಅಷ್ಟಕ್ಕೆ ಬಿಟ್ಟಾನೆಯೇ? ಎಸ್‌ಎಫ್‌ಟಿಪಿಗೆ 22 ಒಂದೇ ಪೋರ್ಟು ಸಾಕು, ಬದಲಾಯಿಸ್ಕೊಳ್ಳಿ ಎಂದು ಲ್ಯಾಬಿನವರಿಗೂ ಪಾಠ. ಪಾಠ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು.

ಈಗ ಅವನು ಬೆಂಗಳೂರಿನ ಕಂಪನಿ ಸೇರಿದ್ದಾನೆ. ಊರಲ್ಲಿ ಬೇರೆ ಹುಡುಗರಿದ್ದಾರೆ, ಚುರುಕಾಗಿದ್ದಾರೆ, ಯಾರೂ ಲಾಗ್ ಓದುವುದಿಲ್ಲ. ಫೋನು ಮಾಡಿ, "ರಿಮೋಟಲ್ಲಿ ಬಂದು ನೋಡೋ," ಎಂದರೆ ಪಿಸುಗುಟ್ಟುತ್ತಾನೆ: "ಆಫೀಸಿನ ಫೈರ್‌ವಾಲ್ ಬಿಡಲ್ಲಣ್ಣ. ರಾತ್ರಿ ರೂಮಿಗೆ ಹೋಗಿ ನೋಡ್ತೀನಿ." ಅಷ್ಟರಲ್ಲಿ ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟ ಪೆನ್‌ಡ್ರೈವ್ ಹುಣಸೂರು ದಾಟಿರುತ್ತದೆ.