ಸ್ವಯಂಭೂ ದಂತವೈದ್ಯರು

ಎರಡು ದಂತ ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟೆಲು ಬಿಟ್ಟರೆ ಹೆಚ್ಚು ಕಣ್ಣಿಗೆ ಬೀಳುವುದು ಹಲ್ಲಿನ ಬೋರ್ಡುಗಳೇ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಮಧ್ಯರಾತ್ರಿಯೂ ಮಿನುಗುವುದು, ನಮ್ಮ ಸ್ವಯಂಭೂ ಡಾಕ್ಟರದು. 4 ವರ್ಷದ ಓದು, 1 ವರ್ಷದ ಇಂಟರ್ನ್‌ಶಿಪ್ ಮುಗಿದ ಮರುವಾರವೇ ಕ್ಲಿನಿಕ್ಕಿನ ಪೂಜೆಯಾಯಿತು. "ಯಾರಾದ್ರೂ ಹಿರಿಯರ ಕೈಕೆಳಗೆ ಸ್ವಲ್ಪ ದಿನ ಇರಬಾರದೇನೋ?" ಎಂದು ಅಪ್ಪ ಕೇಳಿದರು. "ಅವರದೆಲ್ಲ ಹಳೇ ಟೆಕ್ನಿಕ್ಕು" ಎಂದು ಮಗ ಬಾಯಿ ಮುಚ್ಚಿಸಿದ. ದಂತವೈದ್ಯರ ಕೆಲಸ ಬಾಯಿ ತೆರೆಸುವುದು ಎಂದು ಅಪ್ಪ ಅಲ್ಲಿಯವರೆಗೆ ತಿಳಿದಿದ್ದರು.

ಗೋಡೆಯ ತುಂಬ ಸರ್ಟಿಫಿಕೇಟು. ಇಂಪ್ಲಾಂಟು, ಲೇಸರು, ಸ್ಮೈಲ್ ಡಿಸೈನು, ಎಲ್ಲವೂ ಶನಿವಾರ ಬೆಳಿಗ್ಗೆ ಶುರುವಾಗಿ ಭಾನುವಾರದ ಊಟಕ್ಕೆ ಮುಗಿದ ವಿದ್ಯೆಗಳು. ಸಂಶಯ ಬಂದರೆ ಮೇಷ್ಟ್ರಿಗೆ ಫೋನು ಮಾಡುವ ಜಾಯಮಾನವಲ್ಲ. "ಎಕ್ಸ್‌ರೇ ನೋಡಿ ಬರ್ತೀನಿ" ಎಂದು ಒಳಗೆ ಹೋಗಿ ಯೂಟ್ಯೂಬ್ ನೋಡುತ್ತಾರೆ. ಸದ್ದು ತಗ್ಗಿಸಲು ಮರೆತ ದಿನ, ಬಾಯಿ ಕಳೆದು ಕೂತ ರೋಗಿಗೂ "ಸಬ್‌ಸ್ಕ್ರೈಬ್ ಮಾಡಿ" ಎಂಬ ಆಹ್ವಾನ ಸಿಗುತ್ತದೆ.

ಹೀಗಿರುವಾಗ ಅಡಿಕೆ ಸಾಹುಕಾರರೊಬ್ಬರ ಮೇಲ್ದವಡೆಯ ಮೊದಲ ದೊಡ್ಡ ಹಲ್ಲು ನೋವೆಂದು ಬಂತು. ಬೇರು ಮೂರು, ಹಾಗಾಗಿ ಒಳಗಿನ ನಾಳವೂ ಮೂರು ಎಂದು ಡಾಕ್ಟರು ಲೆಕ್ಕ ಹಾಕಿ, ತೊಳೆದು, ತುಂಬಿ, ಕ್ಯಾಪು ಕೂರಿಸಿ, ಬಿಲ್ಲೂ ಕೊಟ್ಟರು. ನೋವು ಮಾತ್ರ ಹೋಗಲಿಲ್ಲ. "ಸೈನಸ್ಸಿನದು" ಎಂದು ಸಾಗಹಾಕಿದರು. ಮೂಗಿನ ಡಾಕ್ಟರು "ಹಲ್ಲಿನದು" ಎಂದು ವಾಪಸು ಕಳಿಸಿದರು.

ಕಡೆಗೆ ಸಾಹುಕಾರರು ಮಿನುಗದ ಬೋರ್ಡಿನ ಹಿರಿಯ ಡಾಕ್ಟರೊಬ್ಬರ ಬಳಿ ಹೋದರು. ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ನಾಲ್ಕನೆಯದೊಂದು ನಾಳ ಅಡಗಿ ಕೂತಿತ್ತು. ಈ ಹಲ್ಲಿನಲ್ಲಿ ಅದು ಬಹಳ ಸಲ ಇರುತ್ತದೆ, ಹುಡುಕುವವರಿಗಷ್ಟೇ ಸಿಗುತ್ತದೆ. ಹಿರಿಯರು ಕಿರಿಯರನ್ನು ಆಡಿಕೊಳ್ಳಲಿಲ್ಲ. ಫೋನು ಮಾಡಿ, "ಬಂದು ನೋಡ್ರಿ, ನನಗೂ ಇದನ್ನ ನಮ್ಮ ಮೇಷ್ಟ್ರೇ ತೋರ್ಸಿದ್ದು" ಎಂದರು.

"ನಂಗೆ ಮೊದ್ಲೇ ಅನುಮಾನ ಇತ್ತು ಸಾರ್. ಬರೋಕೆ ಪುರುಸೊತ್ತಿಲ್ಲ" ಎಂದರು ಸ್ವಯಂಭೂ, ಖಾಲಿ ಚೇರಿನಲ್ಲಿ ಒರಗಿಕೊಂಡೇ.

ಆದ್ದರಿಂದ ಓದುಗರೇ, ಹಲ್ಲು ನೋವು ಬಂದಾಗ ಗೋಡೆಯ ಸರ್ಟಿಫಿಕೇಟು ಎಣಿಸಬೇಡಿ. "ತಡೀರಿ, ನಮ್ಮ ಮೇಷ್ಟ್ರನ್ನ ಒಂದ್ಮಾತು ಕೇಳ್ತೀನಿ" ಎನ್ನುವ ಡಾಕ್ಟರು ಸಿಕ್ಕರೆ, ಅಲ್ಲೇ ಧೈರ್ಯವಾಗಿ ಬಾಯಿ ತೆರೆಯಿರಿ.